ಮಾವನ ಕೆಮ್ಮು ಮತ್ತು ತಪ್ಪು ತಿದ್ದುವ ಮೆಮೊರಿ

ಸಂಜೆ ದೇವರ ಮುಂದೆ ದೀಪ ಹಚ್ಚಿ ಕೂತಾಗ, ಆ ದಿನ ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನೆನೆದುಕೊಳ್ಳುವುದು ನನ್ನ ರೂಢಿ. ದೊಡ್ಡ ಉಪಕಾರಗಳಿಗೆ ಜನ ಹೇಗೂ ಹರಕೆ ತೀರಿಸುತ್ತಾರೆ, ಓಣಿಗೆಲ್ಲ ಊಟ ಹಾಕಿಸುತ್ತಾರೆ. ಆದರೆ ಬೇಸಿಗೆಯಲ್ಲಿ ಹಾಲು ಒಡೆಯದೆ ಉಳಿದದ್ದಕ್ಕೆ, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ಎತ್ತುವವರೆಗೆ ಮಳೆ ತಡೆದು ನಿಂತದ್ದಕ್ಕೆ, ಮಹಾಲಿಂಗಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕದ್ದಕ್ಕೆ ಯಾರು ಕಾಯಿ ಒಡೆಸುತ್ತಾರೆ? ಅವು ಹೇಳುವವರು ಕೇಳುವವರು ಇಲ್ಲದ ಉಪಕಾರಗಳು. ಅವನ್ನು ನಾನು ವಹಿಸಿಕೊಂಡಿದ್ದೇನೆ. ಒಂದೊಂದನ್ನೇ ಬನಶಂಕರಿ ತಾಯಿಗೆ ಹೇಳಿ ಕೈಮುಗಿಯುತ್ತೇನೆ. ಈಚೆಗೆ ಅವುಗಳ ಜೊತೆಗೆ ಕಂಪ್ಯೂಟರಿನ ಮೆಮೊರಿಯೂ ಸೇರಿಕೊಂಡಿದೆ. ಅದರ ವಿಷಯ ಹೇಳಿದರೆ ತಾಯಿಗೆ ಅರ್ಥವಾದೀತೋ ಇಲ್ಲವೋ ಎಂಬ ಅನುಮಾನ ನನಗಿಲ್ಲ. ನನಗೆ ಅರ್ಥವಾಗಿದೆಯೋ ಇಲ್ಲವೋ ಎಂಬುದೇ ಅನುಮಾನ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಹಿಂದಿನ ಕೋಣೆಯಲ್ಲಿ ಪವರ್‌ಲೂಮು, ಮುಂದಿನ ಕೋಣೆಯಲ್ಲಿ ನಾವು. ಅದರ ಸದ್ದಿಗೆ ಎಷ್ಟು ಒಗ್ಗಿದ್ದೇವೆಂದರೆ, ಕರೆಂಟು ಹೋಗಿ ಸದ್ದು ನಿಂತಾಗಲೇ ಮಧ್ಯಾಹ್ನದ ನಿದ್ದೆಯಿಂದ ನಮಗೆ ಎಚ್ಚರವಾಗುವುದು. ಈಗ ಸೀರೆಯ ಅಂಚು ಸೆರಗಿನ ನಕ್ಷೆಗಳೆಲ್ಲ ಕಂಪ್ಯೂಟರಿನವು. ಅವನ್ನು ಭದ್ರವಾಗಿಡಲೆಂದು ನಮ್ಮವರು ಯಾವುದೋ ಆಫೀಸಿನವರು ಮಾರಿದ ಹಳೆಯ ಕಂಪ್ಯೂಟರೊಂದನ್ನು ತಂದು, ಅದರೊಳಗೆ ದೊಡ್ಡ ಹಾರ್ಡ್ ಡಿಸ್ಕುಗಳನ್ನು ಕೂರಿಸಿ, ‘ಸರ್ವರ್’ ಎಂದು ಹೆಸರಿಟ್ಟರು. ನಾವು ಅತ್ತೆ ಸೊಸೆ ಅದಕ್ಕೆ ‘ಡಬ್ಬಿ’ ಎನ್ನುತ್ತೇವೆ. ಇನ್ವರ್ಟರಿನ ಪ್ಲಗ್ಗು ಇರುವುದು ದೇವರ ಮಾಡದ ಕೆಳಗೆ ಮಾತ್ರ, ಹಾಗಾಗಿ ಡಬ್ಬಿಯೂ ಅಲ್ಲೇ ಕೂತಿತು. ಮದುವೆಯ ಫೋಟೊ, ಸೀಮಂತದ ವಿಡಿಯೊ, ಸೆರಗಿನ ನವಿಲು, ಅಂಚಿನ ತೇರು, ಎಲ್ಲವೂ ಅದರ ಹೊಟ್ಟೆಯಲ್ಲಿ. ದೇವರ ಪಾದದಲ್ಲೇ ಇದೆ, ಇನ್ನೇನು ಚಿಂತೆ ಎಂದು ನಾನಿದ್ದೆ. ಚಳಿಗಾಲ ಬಂದಾಗ ಅತ್ತೆ ಅದಕ್ಕೆ ಥಂಡಿ ಹತ್ತಬಾರದೆಂದು ಕೌದಿ ಹೊದಿಸಿದರು. ಅದು ಒಳಗೇ ಕಾದು ಪೀಂ ಪೀಂ ಎಂದು ಕೂಗತೊಡಗಿತು. ನಮ್ಮವರು ಓಡಿಬಂದು ಕೌದಿ ಕಿತ್ತೆಸೆದು, “ಅವ್ವಾ, ಅದಕ್ಕ ಥಂಡಿನ ಬೇಕು” ಎಂದರು. “ಹಂಗಾರ ದಿನಾ ಮುಂಜಾನೆ ಒಂದೀಟ ನೀರು ಚಿಮಕಸ್ಲೇನಪಾ?” ಎಂದು ಅತ್ತೆ ಕೇಳಿದರು. ಬೇಡವೆಂದು ಒಪ್ಪಿಸುವಷ್ಟರಲ್ಲಿ ನಮ್ಮವರಿಗೇ ಬೆವರು ಬಂದಿತ್ತು.

ಇಷ್ಟಕ್ಕೆಲ್ಲ ಮೂಲ ನಮ್ಮ ಮಾವನವರ ಒಂದು ಕ್ಯಾಸೆಟ್ಟು. ಮಾವನವರು ಈಗಿಲ್ಲ. ಅವರ ಕಾಲದಲ್ಲಿ ಮನೆಯಲ್ಲಿ ಕುಣಿಮಗ್ಗವಿತ್ತು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಎಸೆಯುತ್ತ ಭಜನೆಯ ಪದ ಹಾಡುತ್ತಿದ್ದರು. ಒಮ್ಮೆ ಯಾರೋ ನೆಂಟರು ಟೇಪ್ ರೆಕಾರ್ಡರ್ ತಂದು ಪಕ್ಕದಲ್ಲಿಟ್ಟು ಅದನ್ನು ಹಿಡಿದಿಟ್ಟಿದ್ದರು. ಆ ಕ್ಯಾಸೆಟ್ಟು ಬಹಳ ಕಾಲ ಟ್ರಂಕಿನಲ್ಲಿ ಬಿದ್ದಿತ್ತು. ನಮ್ಮವರು ಅದನ್ನು ಜಮಖಂಡಿಯ ದಸ್ತಗೀರನ ಟೇಪ್ ರೆಕಾರ್ಡರಿನಿಂದ ಡಬ್ಬಿಗೆ ಇಳಿಸಿ, ಅತ್ತೆಯ ಫೋನಿನಲ್ಲಿ ಕೇಳುವಂತೆ ಮಾಡಿಕೊಟ್ಟರು. ದಸ್ತಗೀರ ಮೊದಲು ಟೇಪು ರಿಪೇರಿ ಮಾಡುತ್ತಿದ್ದವನು, ಈಗ ಅದೇ ಅಂಗಡಿಯಲ್ಲಿ ಕಂಪ್ಯೂಟರು ರಿಪೇರಿ ಮಾಡುತ್ತಾನೆ. ಅತ್ತೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಕಣ್ಣು ಮುಚ್ಚಿ ಕೇಳಲು ಕೂತರು. ಮಾವನವರ ಧ್ವನಿ ಬಂತು. ಒಂದು ನುಡಿ ಮುಗಿಯುವ ಹೊತ್ತಿಗೆ ಟರ್ರ್ ಎಂದು ಸದ್ದಾಗಿ, ಸ್ವಲ್ಪ ಹೊತ್ತು ಏನೂ ತಿಳಿಯದೆ, ಪದ ಮುಂದಿನ ನುಡಿಗೆ ಹಾರಿತು. ಅತ್ತೆ ಕಣ್ಣು ತೆರೆದರು.

“ಕೆಮ್ಮು ಎಲ್ಲಿ ಹೋತು?”

“ಏನ್ ಕೆಮ್ಮು ಅವ್ವಾ?” ಎಂದರು ನಮ್ಮವರು.

“ನಿಮ್ಮಪ್ಪನ ಕೆಮ್ಮು. ಇಲ್ಲಿ ಅವರು ಕೆಮ್ಮತಾರ. ಕೆಮ್ಮಿ ಚಹಾದ ಮಾತು ಆಡತಾರ. ಆಮ್ಯಾಲೆ ಪದಾ ಮುಂದ ಹೋಗತೈತಿ. ನಾ ಅಲ್ಲೇ ಕುಂತು ಕಂಡಿಕಿಗೆ ನೂಲು ಸುತ್ತಾಕತ್ತಿದ್ದೆ, ನನಗ ಗೊತ್ತಿಲ್ಲೇನು?”

“ಪದಾ ಬಂದೈತೆಲ್ಲ, ಕೆಮ್ಮು ತಗೊಂಡು ಏನ್ ಮಾಡತಿ?”

“ಪದಾ ಯಾರರೆ ಹಾಡತಾರೋ. ನಿಮ್ಮಪ್ಪನಂಗ ಕೆಮ್ಮಾವ್ರನ್ನ ಎಲ್ಲಿಂದ ತರಲಿ?”

ಚಹಾದ ಮಾತು ನನಗೂ ನೆನಪಿತ್ತು. ಆಗ ನಾನು ಹೊಸ ಸೊಸೆ, ಅಡುಗೆಮನೆಯಲ್ಲಿದ್ದೆ, ಚಹಾ ಇಟ್ಟವಳು ನಾನೇ. ಅದಕ್ಕಿಂತ ಹೆಚ್ಚಿನದು ನೆನಪಿರಲಿಲ್ಲ. ಮಾವನವರು ನನ್ನನ್ನು ಸೊಸೆ ಎಂದು ಕರೆದವರಲ್ಲ, ‘ಮಗಳ’ ಎಂದೇ ಕರೆಯುತ್ತಿದ್ದರು. ಇನ್ನೊಂದು ಮಾತು, ಸಂಕೋಚ ಬಿಟ್ಟು ಹೇಳುತ್ತೇನೆ. ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಮುಂದೆ ಕೂತು ಎತ್ತಿ ಹಾಡುವವಳು ನಾನು. ಮನೆಯಲ್ಲೂ ಕೆಲಸ ಮಾಡುತ್ತ ಹಾಡುವ ಅಭ್ಯಾಸ. ಅಷ್ಟು ದೊಡ್ಡ ಹಾಡುಗಾರರಾದ ಮಾವನವರು ಒಂದು ದಿನವೂ ನನ್ನ ಹಾಡಿಗೆ ಹೆಸರಿಟ್ಟವರಲ್ಲ, ಒಂದು ತಪ್ಪು ತೆಗೆದವರಲ್ಲ. ಇದನ್ನು ಮಂಡಳಿಯ ಹೆಂಗಸರಿಗೆ ಆಗಾಗ ನೆನಪಿಸುತ್ತಿರುತ್ತೇನೆ.

ಅದೇ ಸುಮಾರಿಗೆ ಮಗ್ಗದ ಮೇಲೆ ಇನ್ನೊಂದು ಅನಾಹುತವಾಯಿತು. ಡಬ್ಬಿಯಿಂದ ತೆಗೆದ ನಕ್ಷೆಯಲ್ಲಿ ಸೆರಗಿನ ನವಿಲಿಗೆ ಕೊಕ್ಕೇ ಇರಲಿಲ್ಲ. ಯಾರೂ ನೋಡದೆ ಅರ್ಧ ಸೆರಗು ನೇಯ್ದುಬಿಟ್ಟಿತ್ತು. ಸಾಲಾಗಿ ನಿಂತ ಬೋಳುಮುಖದ ನವಿಲುಗಳನ್ನು ನೋಡಿ ಅತ್ತೆ, “ಇವೇನು ಕೋಳಿ ಅದಾವೋ, ಸೋರೆಕಾಯಿ ಅದಾವೋ?” ಎಂದರು. ನಮ್ಮವರು ಇಡೀ ದಿನ ಡಬ್ಬಿಗೆ ಅದೇನೋ ಪರೀಕ್ಷೆ ಹಚ್ಚಿ ಕೂತು, ಕೊನೆಗೆ ರೋಗ ಕಂಡುಹಿಡಿದರು. ಕೆಟ್ಟಿದ್ದು ಡಿಸ್ಕಲ್ಲ, ಮೆಮೊರಿ. ಡಿಸ್ಕು ಎಂದರೆ ಕಪಾಟು. ಆದರೆ ಕಪಾಟಿಗೆ ಹೋಗುವ ಪ್ರತಿಯೊಂದು ಸಾಮಾನೂ ಮೆಮೊರಿಯ ಕೈಯಿಂದಲೇ ಹೋಗಬೇಕು. ಆ ಕೈ ನಡುಗಿದರೆ ಹಾದಿಯಲ್ಲಿ ಒಂದು ಕೊಕ್ಕು ಬೀಳುತ್ತದೆ, ಒಂದು ಕೆಮ್ಮು ಬೀಳುತ್ತದೆ. ಕಪಾಟಿಗೆ ಅದು ಗೊತ್ತೂ ಆಗುವುದಿಲ್ಲ, ಕೊಟ್ಟದ್ದನ್ನು ನಿಷ್ಠೆಯಿಂದ ಇಟ್ಟುಕೊಳ್ಳುತ್ತದೆ.

ಇದಕ್ಕೆ ತಪ್ಪು ತಿದ್ದುವ ಮೆಮೊರಿ ಅಂತಲೇ ಒಂದು ಬರುತ್ತದಂತೆ, ಅದಕ್ಕೆ ‘ಇಸಿಸಿ’ ಎನ್ನುತ್ತಾರೆ. ಉದ್ದನೆಯ ಹಸಿರು ಪಟ್ಟಿ, ಅದರ ಮೇಲೆ ಕರಿ ಬಿಲ್ಲೆಗಳು. ಸಾದಾ ಪಟ್ಟಿಯಲ್ಲಿ ಎಂಟು ಬಿಲ್ಲೆ ಇದ್ದರೆ ಇದರಲ್ಲಿ ಒಂಬತ್ತು. ಎಂಟು ಬಿಲ್ಲೆಗಳು ನೆನಪಿಟ್ಟುಕೊಳ್ಳುತ್ತವೆ. ಒಂಬತ್ತನೆಯದು ಇವು ಸರಿಯಾಗಿ ನೆನಪಿಟ್ಟುಕೊಂಡಿವೆಯೇ ಎಂದು ನೋಡುವುದಕ್ಕೆ. ಒಂದು ಸಣ್ಣ ತಪ್ಪಾದರೆ ಅಲ್ಲೇ ತಿದ್ದಿಬಿಡುತ್ತದೆ. ನಮ್ಮವರು ಹೀಗೆ ವಿವರಿಸಿದಾಗ ನಾನು, “ಅಂದ್ರ ಎಂಟ ಮಂದಿ ಸೊಸ್ತ್ಯಾರಿಗೆ ಒಬ್ಬಾಕಿ ಅತ್ತಿ ಇದ್ದಂಗ” ಎಂದೆ. ಅತ್ತೆ ಒಳಗಿನಿಂದ, “ಒಬ್ಬಾಕಿನ್ನ ತಿದ್ದೂದ್ರಾಗ ನನಗ ಸಾಕಾಗೈತಿ” ಎಂದರು. ಕಿವಿ ಮಂದವೆಂದು ನಾವು ತಿಳಿದಿದ್ದ ಅತ್ತೆಗೆ ಬೇಕಾದ ಮಾತೆಲ್ಲ ಚೆನ್ನಾಗಿ ಕೇಳಿಸುತ್ತದೆ.

ಬೇಗ ತರಲೇಬೇಕಾದ ಕಾರಣವೂ ಇತ್ತು. ಕ್ಯಾಸೆಟ್ಟಿನಿಂದ ಕೆಮ್ಮನ್ನು ಮತ್ತೊಮ್ಮೆ ಇಳಿಸಿಕೊಳ್ಳೋಣವೆಂದು ನಮ್ಮವರು ಜಮಖಂಡಿಗೆ ಹೋದರೆ, ದಸ್ತಗೀರ ಟೇಪನ್ನು ಬೆಳಕಿಗೆ ಹಿಡಿದು ನೋಡಿ, “ಹಪ್ಪಳ ಆಗೈತಿ ಅಣ್ಣಾರ. ಇನ್ನೊಂದ್ ಸಲ ಓಡಿದ್ರ ಓಡತೈತಿ. ಆಮ್ಯಾಲೆ ಅಲ್ಲಾನ ಮರ್ಜಿ” ಎಂದಿದ್ದನಂತೆ. ಆ ಒಂದು ಸಲವನ್ನು ಕೈ ನಡುಗುವ ಡಬ್ಬಿಯ ಮೇಲೆ ಖರ್ಚು ಮಾಡುವಂತಿರಲಿಲ್ಲ. ಅತ್ತೆ ದಿನಾ ಅದೇ ಪದ ಹಚ್ಚುತ್ತಾರೆ, ಟರ್ರ್ ಬಂದೊಡನೆ ನಿಲ್ಲಿಸುತ್ತಾರೆ, ಫೋನು ಮಗುಚಿಟ್ಟು ಎದ್ದು ಹೋಗುತ್ತಾರೆ. ಬೈದಿದ್ದರೆ ವಾಸಿಯಿತ್ತು. ನಾನು ತಾಯಿಗೆ ಬೇಡಿಕೊಂಡು, ಕೆಮ್ಮು ಸಿಗುವವರೆಗೆ ಚಹಾ ಬಿಟ್ಟೆ. ನಮ್ಮ ಕಡೆ ಚಹಾ ಬಿಡುವುದೆಂದರೆ ಸಣ್ಣ ಸನ್ಯಾಸವೇ. ಮಧ್ಯಾಹ್ನವಾದರೆ ತಲೆ ಒಳಗಿನಿಂದಲೇ ಮಗ್ಗದಂತೆ ಬಡಿಯುತ್ತಿತ್ತು. ತಲೆನೋವು ತಲೆಯಲ್ಲಷ್ಟೇ ಇದೆ, ಸೊಂಟಕ್ಕೆ ಇಳಿದಿಲ್ಲವಲ್ಲ ಎಂದು ಅದನ್ನೂ ಒಂದು ಉಪಕಾರವೆಂದು ಎಣಿಸಿದೆ.

ನಮ್ಮವರು ಆನ್‌ಲೈನಿನಲ್ಲಿ ಹುಡುಕಲು ಕೂತರು. ನಮ್ಮ ಜನದಲ್ಲಿ ಸಂಬಂಧ ಮಾಡುವಾಗ ಕುಲ ಒಂದೇ ಎಂದು ತಿಳಿದ ಮೇಲೂ ಬೆಡಗು ಕೇಳುತ್ತಾರೆ. ಬೆಡಗು ಎಂದರೆ ಮನೆತನದ ಒಳಗುಂಪು, ಅದು ಹೊಂದದಿದ್ದರೆ ಹುಡುಗ ಎಷ್ಟೇ ಛಲೋ ಇದ್ದರೂ ಮಾತು ಅಲ್ಲಿಗೇ ನಿಲ್ಲುತ್ತದೆ. ನಮ್ಮ ಮದುವೆಯಲ್ಲಿ ಬೆಡಗು ಕೇಳಲೆಂದೇ ನಮ್ಮ ಸೋದರಮಾವ ತೇರದಾಳಕ್ಕೆ ಸೈಕಲ್ ಮೇಲೆ ಹೋಗಿದ್ದರು. ಅಂಥ ಮನೆತನದವರಾದ ನಮ್ಮವರು ಮೆಮೊರಿಯ ವಿಷಯದಲ್ಲಿ ಮಾತ್ರ ಬೆಡಗು ಕೇಳಲಿಲ್ಲ. ಯಾವುದೋ ಕಂಪನಿಯ ದೊಡ್ಡ ಮಶೀನಿನಿಂದ ಬಿಚ್ಚಿದ, ಬಹಳ ಸೋವಿ ಬೆಲೆಯ ಪಟ್ಟಿಗಳು ಕಂಡವು. “ಇಸಿಸಿ ಅಂತ ಬರದೈತಿ, ಅಳತಿನೂ ಅದ. ಏ ನೀಲಾ, ಇಲ್ಲಿ ಬಾ, ನನ್ನ ಕಣ್ಣಿಗೆ ಕಾಣವಲ್ದು, ಬಿಲ್ಲಿ ಎಷ್ಟದಾವ ಎಣಸು” ಎಂದರು. ನಾನು ಫೋನಿನ ಚಿತ್ರವನ್ನು ದೊಡ್ಡದು ಮಾಡಿ ಎಣಿಸಿದೆ. ಒಂಬತ್ತು ಇದ್ದವು. ನವಗ್ರಹಗಳು! ನನಗೆ ರೋಮಾಂಚನವಾಯಿತು. ನಡುವೆ ಸಣ್ಣದಾಗಿ ಬೇರೆ ಥರದ ಇನ್ನೊಂದು ಬಿಲ್ಲೆ ಇತ್ತು. ಗ್ರಹಗಳ ನಡುವೆ ಗರ್ಭಗುಡಿ ಇರುವುದು ಸಹಜವೇ ಎಂದುಕೊಂಡು ಅದರ ಬಗ್ಗೆ ಬಾಯಿ ಬಿಡಲಿಲ್ಲ. “ಬರೋಬ್ಬರಿ ಅದಾವ್ರಿ, ತರಸ್ರಿ” ಎಂದೆ. ತರಿಸಿದರು.

ಮನೆಗೆ ಹೊಸ ವಸ್ತು ಬಂದರೆ ಅರಿಷಿಣ ಕುಂಕುಮ ಹಚ್ಚದೆ ನಾವು ಬಳಸುವುದಿಲ್ಲ. ಮಗ್ಗಕ್ಕೆ ಹಚ್ಚುತ್ತೇವೆ, ಮಿಕ್ಸರಿಗೆ ಹಚ್ಚುತ್ತೇವೆ, ಗ್ಯಾಸಿನ ಸಿಲಿಂಡರು ಬದಲಾದಾಗಲೆಲ್ಲ ಹಚ್ಚುತ್ತೇವೆ. ಪಟ್ಟಿಯ ಕೆಳಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳ ಸಾಲಿತ್ತು, ಬಂಗಾರದ ಬಣ್ಣ. ಕುಂಕುಮ ಹಚ್ಚಲು ಅದಕ್ಕಿಂತ ಯೋಗ್ಯ ಜಾಗ ನನಗೆ ಕಾಣಲಿಲ್ಲ. ಒಂದೊಂದು ಪಟ್ಟಿಗೂ ಭಕ್ತಿಯಿಂದ ಹಚ್ಚಿ ಕೈಮುಗಿದು ಕೊಟ್ಟೆ. ನಮ್ಮವರು ಗಮನಿಸದೆ ಡಬ್ಬಿಗೆ ಸೇರಿಸಿದರು. ಪಟ್ಟಿಗಳು ಟಕ್ಕೆಂದು ಕೂತವು. ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಮತ್ತೆ ಒತ್ತಿದರು. ಮತ್ತೆ ಅದೇ ಕತ್ತಲೆ. ಪಟ್ಟಿ ಕಿತ್ತು ನೋಡಿದಾಗ ಅವರ ಹೆಬ್ಬೆರಳು ಕೆಂಪಾಗಿತ್ತು. ಅವರು ಹೆಬ್ಬೆರಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಇದಕ್ಕೂ ಹಚ್ಚೀಯೇನ?”

“ಹೊಸಾದು ಐತಲ್ರಿ…”

ಪೆನ್ಸಿಲ್ ಒರೆಸುವ ರಬ್ಬರಿನಿಂದ ಬಂಗಾರದ ಹಲ್ಲುಗಳನ್ನು ತಿಕ್ಕಿ ತಿಕ್ಕಿ ಸ್ವಚ್ಛ ಮಾಡಿದರು. ರಬ್ಬರು ಗುಲಾಬಿಯಾಯಿತು, ಪರದೆ ಬೆಳಗಲಿಲ್ಲ. ಅಲ್ಲಿಗೆ ತೀರ್ಪು ಹೊರಬಿತ್ತು. ಮೆಮೊರಿಯನ್ನು ಕೊಂದವಳು ನಾನು. ಅತ್ತೆ ಮಾತ್ರ ನನ್ನ ಪಕ್ಷ ಹಿಡಿದು, “ದೇವರ ಕುಂಕುಮಕ್ಕ ಕೆಡೋ ಮಾಲು, ಮಾಲೇನೋ ಅದು?” ಎಂದು ಮಗನ ಮೇಲೆ ಹರಿಹಾಯ್ದರು. ತಾಯಿಗೂ ಮಗನಿಗೂ ಮಾತು ಬಿಟ್ಟುಹೋಯಿತು. ನಮ್ಮ ಮನೆಯಲ್ಲಿ ಅವರಿಬ್ಬರು ಮಾತು ಬಿಟ್ಟರೆಂದರೆ ಸಂಸಾರವೆಲ್ಲ ನನ್ನ ಮೂಲಕ ನಡೆಯುತ್ತದೆ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿರುತ್ತಾರೆ. “ನಿನ್ನ ಗಂಡಗ ಇನ್ನೊಂದು ರೊಟ್ಟಿ ಬೇಕೇನು ಕೇಳು” ಎನ್ನುತ್ತಾರೆ ಅತ್ತೆ. “ಸಾಕಂತ ಹೇಳು ನಿಮ್ಮತ್ತಿಗೆ” ಎನ್ನುತ್ತಾರೆ ನಮ್ಮವರು. ನಾನು ನಡುವೆ ನಿಂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಮುಟ್ಟಿಸುತ್ತೇನೆ. ಚಹಾ ಇಲ್ಲದ ತಲೆಗೆ ಇದು ದೊಡ್ಡ ಕೆಲಸ.

ಕೊನೆಗೆ ಪಟ್ಟಿಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾವಿಬ್ಬರೂ ಜಮಖಂಡಿಗೆ ಹೋದೆವು. ಕೊಲೆಗಾರ್ತಿ ಜೊತೆಗೇ ಬರಲಿ ಎಂದು ಕರೆದೊಯ್ದರೇನೋ. ದಸ್ತಗೀರ ಪಟ್ಟಿಯನ್ನು ಆಚೀಚೆ ತಿರುಗಿಸಿ, ಸಂದಿಯಲ್ಲಿ ಉಳಿದಿದ್ದ ಕೆಂಪನ್ನು ಉಗುರಿನಿಂದ ಕೆರೆದು, ನನ್ನ ಹಣೆಯ ಕುಂಕುಮವನ್ನೂ ಒಮ್ಮೆ ನೋಡಿ ನಕ್ಕ.

“ಕುಂಕುಮ ಏನೂ ಮಾಡಿಲ್ಲಕ್ಕಾರ. ಮಾಲ ಬ್ಯಾರೆ ಐತಿ. ನಡುವ ಈ ಸಣ್ಣದು ಐತಲ್ಲ, ಇಂವ ಮುಕಾದಮ. ಕಬ್ಬು ಕಡಿಯೋ ಗ್ಯಾಂಗಿಗೆ ಮಾಲಕ ಬಂದು ಒಬ್ಬೊಬ್ಬರಿಗೆ ಹೇಳತಾನೇನು? ಮುಕಾದಮಗ ಹೇಳತಾನ, ಇಂವ ಗ್ಯಾಂಗಿಗೆ ಹೇಳತಾನ. ದೊಡ್ಡ ಕಂಪನಿ ಮಶೀನ್‌ದಾಗ ಹಂಗ ನಡೀತೈತಿ. ಇದಕ್ಕ ರಿಜಿಸ್ಟರ್ಡ್ ಅಂತಾರ. ನಿಮ್ಮ ಡಬ್ಬಿ ಹಂಗಲ್ಲ, ಒಬ್ಬೊಬ್ಬರ ಹೆಸರು ಹಿಡದು ತಾನ ಕರಿಯೂದು. ನಡುವ ಯಾರರೆ ನಿಂತ್ರ ಸಿಟ್ಟಿಗೆದ್ದು ಬಾಯಿ ಮುಚಗೊಂಡು ಕುಂದರತೈತಿ. ನಿಮಗ ಬೇಕಾದ್ದು ಇಸಿಸಿನ, ಆದ್ರ ಮುಕಾದಮ ಇಲ್ಲದ್ದು. ಅನ್‌ಬಫರ್ಡ್ ಅಂತ ಕೇಳಬೇಕು.”

ನನ್ನ ಗರ್ಭಗುಡಿ ಮುಕಾದಮನಾಗಿ ಹೊರಬಿದ್ದಿತ್ತು. ಆದರೂ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ನಮ್ಮ ಮನೆ ಮುಕಾದಮನಿದ್ದರೇ ನಡೆಯುವ ಜಾತಿಯದು, ಡಬ್ಬಿ ಮುಕಾದಮನಿದ್ದರೆ ನಡೆಯದ ಜಾತಿಯದು. ತಪ್ಪು ಯಾರದೂ ಅಲ್ಲ, ಬೆಡಗು ಹೊಂದಿರಲಿಲ್ಲ, ಅಷ್ಟೆ. “ಹಂಗಾರ ಕುಂಕುಮದ್ದ ಏನೂ ತಪ್ಪಿಲ್ಲಪಾ?” ಎಂದು, ನಮ್ಮವರಿಗೆ ಕೇಳಿಸುವಂತೆ ಇನ್ನೊಮ್ಮೆ ಕೇಳಿದೆ.

“ಇಲ್ಲಕ್ಕಾರ. ಆದ್ರ ಹಲ್ಲಿಗೆ ಮಾತ್ರ ಹಚ್ಚಬ್ಯಾಡ್ರಿ. ಹಚ್ಚೂದಾದ್ರ ನನ್ನ ಅಂಗಡಿ ಬಾಗಲಕ ಹಚ್ಚಿ ಹೋಗ್ರಿ, ಯಾಪಾರ ಭಾಳ ಥಂಡ ಐತಿ.”

ನಮ್ಮವರು ಜಾಣತನ ತೋರಿಸಲು, “ಹಳೇ ಪಟ್ಟಿಯೊಳಗ ಒಂದು ಇನ್ನೂ ಛಲೋ ಐತಿ, ಅದನ್ನೂ ಹೊಸಾದರ ಬಾಜು ಕುಂದರಸೂಣು, ಯಾಕ ಒಗೀಬೇಕು?” ಎಂದರು. ದಸ್ತಗೀರ ಕಿವಿ ಮುಟ್ಟಿಕೊಂಡ. ಸಾದಾ ಪಟ್ಟಿಯೊಂದು ಪಕ್ಕದಲ್ಲಿ ಕೂತರೆ ತಿದ್ದುವ ಪಟ್ಟಿಯೂ ತಿದ್ದುವುದನ್ನು ಬಿಟ್ಟುಬಿಡುತ್ತದಂತೆ. ಸಹವಾಸದ ಗುಣ ಅವುಗಳಿಗೂ ಇದೆ ಎಂದು ಕೇಳಿ ನನಗೆ ಮೆಮೊರಿಯ ಮೇಲೆ ಗೌರವ ಹೆಚ್ಚಾಯಿತು. ಡಬ್ಬಿಯ ಬೋರ್ಡು ಮಾಡಿದವರೇ ಯಾವ ಯಾವ ಪಟ್ಟಿ ತಮಗೆ ಹೊಂದುತ್ತದೆ ಎಂದು ಹೆಸರುಹೆಸರಾಗಿ ಹೇಳಿಟ್ಟಿರುತ್ತಾರೆ. ಈ ಸಲ ಅದನ್ನು ನೋಡಿ, ಒಂದೇ ತಾಯಿಯ ಮಕ್ಕಳಂಥ ಜೋಡಿ ಪಟ್ಟಿಗಳನ್ನು ದಸ್ತಗೀರನೇ ಬೆಳಗಾವಿಯಿಂದ ತರಿಸಿಕೊಟ್ಟ. ಅವು ಬಂದ ದಿನ ನಮ್ಮವರು ಪೊಟ್ಟಣವನ್ನು ನನ್ನ ಕೈಗೆ ಕೊಡಲಿಲ್ಲ. ಎದೆಗೆ ಅವುಚಿಕೊಂಡು ನೇರ ಡಬ್ಬಿಯ ಹತ್ತಿರ ಹೋದರು. ನಾನು ದೂರದಲ್ಲೇ ನಿಂತು, ಯಾರೂ ನೋಡದಾಗ ಡಬ್ಬಿಯ ಹೊರಮೈಗೆ ಒಂದು ಬೊಟ್ಟು ಇಟ್ಟೆ. ಗುಂಡಿ ಒತ್ತಿದರು. ಪರದೆ ಬೆಳಗಿತು.

ಮುಂದಿನ ಶುಕ್ರವಾರ ನಮಾಜು ಮುಗಿಸಿಕೊಂಡು ದಸ್ತಗೀರ ತನ್ನ ಟೇಪ್ ರೆಕಾರ್ಡರ್ ಹೊತ್ತು ಬನಹಟ್ಟಿಗೆ ಬಂದ. ವಾಯರಿನಿಂದ ಡಬ್ಬಿಗೆ ಜೋಡಿಸಿದ. ಅವನು ಬೇಡವೆಂದರೂ ನಮ್ಮವರು ಮಗ್ಗ ನಿಲ್ಲಿಸಿದರು. ಅತ್ತೆ ವಿಭೂತಿ ಹಚ್ಚಿಕೊಂಡು ಡಬ್ಬಿಯ ಮುಂದೆ ಕೂತರು. ಕ್ಯಾಸೆಟ್ಟು ಕಿರ್ ಕಿರ್ ಎಂದು ತಿರುಗತೊಡಗಿತು. ಒಂದೇ ಸಲ. ನಾನು ತಾಯಿಯ ಕಡೆ ನೋಡುತ್ತ ಕೈಮುಗಿದು ನಿಂತೆ. ಮಾವನವರ ಧ್ವನಿ, ಲಾಳಿಯ ಸದ್ದು, ಮೊದಲ ನುಡಿ. ಟರ್ರ್ ಎನ್ನುತ್ತಿದ್ದ ಜಾಗ ಬಂತು. ಟರ್ರ್ ಎನ್ನಲಿಲ್ಲ. ಬದಲಿಗೆ ಎಲ್ಲಿಂದಲೋ ದೂರದಿಂದ ಒಬ್ಬ ಹೆಂಗಸಿನ ಧ್ವನಿ ಬಂದು ಪದಕ್ಕೆ ಸೇರಿಕೊಂಡಿತು. ಸೇರಿಕೊಂಡಿತು ಎಂದರೆ ತಪ್ಪಾದೀತು. ಮಾವನವರು ಒಂದು ದಾರಿಯಲ್ಲಿ ಹೋಗುತ್ತಿದ್ದರೆ ಅದು ಇನ್ನೊಂದು ದಾರಿಯಲ್ಲಿ, ಬಹಳ ಹುರುಪಿನಿಂದ ಹೋಗುತ್ತಿತ್ತು.

“ಯಾರ್ರೀ ಇಕಿ, ನಡುವ ಒದರಾಕತ್ತಾಳ?” ಎಂದೆ ನಾನು.

“ಟೇಪ್ ಹಳೇದೈತಲ್ಲ ಅಕ್ಕಾರ, ಎಳೀತಿರಬೇಕು” ಎಂದ ದಸ್ತಗೀರ, ಬಹಳ ಸಭ್ಯ ಮನುಷ್ಯ.

ಆಗ ಮಾವನವರು ಕೆಮ್ಮಿದರು. ಹೆಂಗಸು ನಿಲ್ಲಿಸಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೆಮ್ಮಿದರು. ಹೆಂಗಸು ಧ್ವನಿ ಏರಿಸಿದಳು. ಲಾಳಿ ನಿಂತಿತು. ಬೆಲ್ಲದಂಥ ಧ್ವನಿಯಲ್ಲಿ ಮಾವನವರು ಹೇಳಿದರು: “ಮಗಳ ನೀಲಾ, ನೀ ಚಹಾ ಇಡವಾ. ಪದಾ ನಾ ನೋಡಕೋತೇನಿ.”

ಲಾಳಿ ಮತ್ತೆ ಓಡಿತು, ಪದ ಮುಂದೆ ಹೋಯಿತು. ನಮ್ಮವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು, ಬೆನ್ನು ಅಲುಗುತ್ತಿತ್ತು. ದಸ್ತಗೀರ ವಾಯರನ್ನೇ ನೋಡುತ್ತಿದ್ದ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು, ಕಣ್ಣಿನಿಂದ ನೀರು ಇಳಿಯುತ್ತಿತ್ತು. “ನೋಡ್ರ್ಯೋ, ಬಿರುಸ ಮಾತು ಆಡಾಕ ಬರತಿರಲಿಲ್ಲ ಅವರಿಗೆ. ನನ್ನ ಸಾರಿಗೆ ಉಪ್ಪು ಜಾಸ್ತಿ ಆದ್ರೂ ಹಿಂಗ ಕೆಮ್ಮತಿದ್ರು” ಎಂದರು. ಪದ ಮುಗಿದು ಕೊನೆಯ ಸುತ್ತಿನಲ್ಲಿ ಟೇಪು ಪಟ್ಟೆಂದು ಹರಿಯಿತು. ಮುಗಿದ ಮೇಲೆ ಹರಿಯಿತಲ್ಲ, ಅದೊಂದು ಉಪಕಾರ.

ದಸ್ತಗೀರ ಹೋದ ಮೇಲೆ ನಮ್ಮವರ ಹತ್ತಿರ ಮೆಲ್ಲಗೆ ಕೇಳಿದೆ: “ರೀ, ಆ ಒಂದ ಜಾಗಾದಾಗ ಡಬ್ಬಿ ಕಡೆಯಿಂದ ಒಂದ್ ಸಣ್ಣ ತಪ್ಪು ಮಾಡಸಾಕ ಬರತೈತೇನ್ರಿ?”

“ತಪ್ಪು ಆಗಬಾರದಂತ ಚಹಾ ಬಿಟ್ಟಾಕಿ ನೀನ” ಎಂದರು.

ಈಗ ದಿನಾ ಮುಂಜಾನೆ ಅತ್ತೆ ಆ ಪದ ಪೂರ್ತಿ ಕೇಳುತ್ತಾರೆ. ಚಹಾದ ಮಾತು ಬರುವ ಹೊತ್ತಿಗೆ ನಾನು ಒಲೆಯ ಮುಂದೆ ಇರುತ್ತೇನೆ. ಮಾವನವರು ಹೇಳಿದ ಮೇಲೆ ಇಡದೆ ಇರಲಾದೀತೆ? ಬಿಟ್ಟ ಚಹಾ ಮತ್ತೆ ಸಿಕ್ಕಿತು, ತಲೆ ಹಗುರಾಯಿತು, ನವಿಲುಗಳಿಗೆ ಕೊಕ್ಕು ಬಂತು, ತಾಯಿ ಮಗ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿ ನಗುತ್ತಾರೆ, ಹೆಚ್ಚಾಗಿ ನನ್ನನ್ನು ಕುರಿತೇ. ಇವನ್ನೆಲ್ಲ ಸಂಜೆ ತಾಯಿಗೆ ಹೇಳಿ ಕೈಮುಗಿಯುತ್ತೇನೆ. ಮಂಡಳಿಯ ಹೆಂಗಸರಿಗೆ ಮಾತ್ರ ಇನ್ನೂ ಏನೂ ಹೇಳಿಲ್ಲ. ನೀರು ಕುದಿಯುವವರೆಗೆ ಬಾಯಿ ಮುಚ್ಚಿಕೊಂಡೇ ಕೇಳಬೇಕೆಂದು ನಿಶ್ಚಯ ಮಾಡಿರುತ್ತೇನೆ. ಆದರೆ ಪದ ಅಂಥದು, ಒಂದೊಂದು ದಿನ ತಡೆಯಲಾಗದೆ ನಾನೂ ಮೆಲ್ಲಗೆ ದನಿಗೂಡಿಸಿಬಿಡುತ್ತೇನೆ. ಸರಿಯಾಗಿ ಅದೇ ಹೊತ್ತಿಗೆ ಮಾವನವರು ಕೆಮ್ಮುತ್ತಾರೆ.